ಕಂಡಕ್ಟರಮ್ಮನ ಮಗಳ ಸಿಟ್ಟು

ಬಸ್ ಡಿಪೋದ ಹಿಂದಿನ ರಸ್ತೆಯಲ್ಲಿ ಸೀಟು ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ ಆ ಹೆಂಗಸನ್ನು ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ಹರಿದ ರೆಕ್ಸಿನ್ ಕಿತ್ತು, ಕುಸಿದ ಸ್ಪಂಜು ತೆಗೆದು, ಹೊಸದು ತುಂಬಿ ಅವಳು ಹೊಲಿದು ಕೊಟ್ಟರೆ ಬಸ್ಸು ಗುಜರಿಗೆ ಹೋದರೂ ಸೀಟು ಗಟ್ಟಿಯಾಗಿರುತ್ತದೆ ಎನ್ನುವ ಮಾತಿತ್ತು. ಕೆಲಸದಷ್ಟೇ ಹೆಸರಾಗಿದ್ದದ್ದು ಅವಳ ಸಿಟ್ಟು. ಹೇಳಿದ ದಿನಕ್ಕಿಂತ ಮೊದಲೇ ಬಂದು ‘ಆಯ್ತಾ?’ ಎಂದು ಕೇಳಿದವರಿಗೆ ಹಲ್ಲಲ್ಲಿ ಕಚ್ಚಿಕೊಂಡ ದಾರವನ್ನೂ ತೆಗೆಯದೆ ಉತ್ತರ ಕೊಡುತ್ತಿದ್ದಳು. ಹಾಗೆ ಉತ್ತರ ಪಡೆದವರು ಎರಡನೇ ಸಲ ಕೇಳಿದ್ದಿಲ್ಲ.

ಆ ಸಿಟ್ಟು ಅಮ್ಮನ ಬಳುವಳಿ. ಹೆಂಗಸರು ಆ ಕೆಲಸಕ್ಕೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಮ್ಮ ಬಸ್ ಕಂಡಕ್ಟರ್ ಆಗಿದ್ದಳು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಮಗಳನ್ನೂ ಮಗನನ್ನೂ ಅಲುಗಾಡುವ ಬಸ್ಸಿನಲ್ಲಿ ನಿಂತುಕೊಂಡೇ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಕುಡಿದು ಹತ್ತಿದವರನ್ನು ಕಾಲರ್ ಹಿಡಿದು ಇಳಿಸುತ್ತಿದ್ದಳು, ಬಸುರಿಯರಿಗೆ ಗಂಡಸರನ್ನು ಗದರಿಸಿ ಎಬ್ಬಿಸಿ ಸೀಟು ಕೊಡಿಸುತ್ತಿದ್ದಳು. ನಿವೃತ್ತಿಯಾಗಿ ವರ್ಷಗಳೇ ಕಳೆದಿದ್ದರೂ ಬೀದಿಯವರಿಗೆ ಅವಳು ಕಂಡಕ್ಟರಮ್ಮನೇ.

ತಾಯಿ ಮಗಳು ಇಬ್ಬರೂ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದರು. ಸೀಟಕ್ಕನ ಮದುವೆ ಬಹಳ ದಿನ ನಿಂತಿರಲಿಲ್ಲ. ಗಂಡ ಬಿಟ್ಟುಹೋದದ್ದೋ, ಇವಳೇ ಓಡಿಸಿದ್ದೋ ಎಂದು ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ. ಸೀಟಕ್ಕನ ತಮ್ಮ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಹಾಸಿಗೆ ಮಾರುವ ದೊಡ್ಡ ಅಂಗಡಿಯಲ್ಲಿ ಮ್ಯಾನೇಜರ್. ಯಾರಿಗೂ ನಿದ್ದೆ ಕೆಡಬಾರದು ಎನ್ನುವುದು ಅವನ ವ್ಯಾಪಾರವೂ ಹೌದು, ಸ್ವಭಾವವೂ ಹೌದು.

ಮನೆಯಲ್ಲಿ ಜಗಳವೇ ಮಾತುಕತೆಯಾಗಿತ್ತು. ಆದ್ದರಿಂದಲೇ ಅಮ್ಮ ಬದಲಾಗುತ್ತಿದ್ದದ್ದು ಸೀಟಕ್ಕನಿಗೆ ಕಾಣಲಿಲ್ಲ. ಹಾಲು ಉಕ್ಕಿ ಒಲೆ ಆರಿ ಗ್ಯಾಸ್ ವಾಸನೆ ಮನೆಯೆಲ್ಲ ತುಂಬಿದಾಗ ಅವಳು ಕೂಗಾಡಿದಳು. “ನೀನೇ ಇಟ್ಟು ಮರೆತು ಕೆಳಗೆ ಹೋಗಿದೀಯ, ನನ್ ಮೇಲೆ ಹಾಕ್ತೀಯ?” ಎಂದು ಅಮ್ಮ ಅವಳಿಗಿಂತ ಜೋರಾಗಿ ಕೂಗಾಡಿದಳು. ಕನ್ನಡಕ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. “ಅಕ್ಕೀಲಿ ಕಲ್ಲು ನೋಡ್ಬೇಕಿತ್ತು, ಅದಕ್ಕೆ ಹಾಕಿದ್ದೆ” ಎಂದಳು ಅಮ್ಮ. ಸೀಟಕ್ಕನಿಗೆ ನಗು ಬಂದುಬಿಟ್ಟಿತು. ಸ್ನಾನಕ್ಕೆ ಹೋಗಮ್ಮ ಎಂದರೆ, “ಬೆಳಗ್ಗೇನೇ ಆಯ್ತು, ನೀನು ಗೊರಕೆ ಹೊಡೀತಿದ್ದೆ.” ಮಂಡಿ ನೋವಿಗೆಂದು ಕರೆದುಕೊಂಡು ಹೋದಾಗ ಡಾಕ್ಟರು ಸುಮ್ಮನೆ ಮಾತಿಗೆ, “ಇವತ್ತು ಯಾವ ವಾರಮ್ಮ?” ಎಂದು ಕೇಳಿದ್ದರು. “ಬಾಗಿಲ ಹೊರಗೆ ಅಷ್ಟು ಜನ ಕೂತಿದಾರೆ, ಇಲ್ಲಿ ನನ್ ಹತ್ರ ವಾರ ಕೇಳ್ತಾ ಕೂತಿದೀರಲ್ಲ ಡಾಕ್ಟ್ರೇ” ಎಂದು ಅಮ್ಮ ಅಂದದ್ದಕ್ಕೆ ಡಾಕ್ಟರು ನಕ್ಕು ಮಂಡಿಗೆ ಮುಲಾಮು ಬರೆದುಕೊಟ್ಟರು. ಅಮ್ಮ ವಾರ ಹೇಳಲೇ ಇಲ್ಲ ಎನ್ನುವುದು ಡಾಕ್ಟರಿಗೂ ಹೊಳೆಯಲಿಲ್ಲ, ಮಗಳಿಗೂ ಹೊಳೆಯಲಿಲ್ಲ.

ಅಮ್ಮ ಬೇಕೆಂದೇ ಹಟ ಮಾಡುತ್ತಿದ್ದಾಳೆ, ವಯಸ್ಸಾದಂತೆ ಕೊಬ್ಬು ಹೆಚ್ಚಾಗಿದೆ ಎಂದು ಸೀಟಕ್ಕ ನಂಬಿದ್ದಳು. ನಂಬಿ, ಅಷ್ಟೇ ಜೋರಾಗಿ ತಿರುಗಿ ಬೈಯುತ್ತಿದ್ದಳು.

ಒಂದು ಮಧ್ಯಾಹ್ನ ಡಿಪೋದಿಂದ ಹರಿದ ಸೀಟುಗಳು ಬಂದವು. ಜೊತೆಗೆ ಬಂದದ್ದು ಹೊಸದಾಗಿ ಕೆಲಸಕ್ಕೆ ಸೇರಿದ್ದ, ಅವತ್ತು ಬಸ್ಸಿನ ಪಾಳಿ ಇಲ್ಲದಿದ್ದ ಒಬ್ಬ ಕಂಡಕ್ಟರ್ ಹೆಂಗಸು. ಸೀಟುಗಳನ್ನು ಇಳಿಸಿದ ಮೇಲೆ ಅವಳು ತನ್ನ ಚೀಲದಿಂದ ಒಂದು ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟಳು.

“ಅಮ್ಮನ ಚಪ್ಪಲಿ ಅಕ್ಕಾ. ಹಿಂದಿನ ಸೀಟಿನ ಕೆಳಗೆ ಸಿಕ್ತು.”

ಸೀಟಕ್ಕ ಚಪ್ಪಲಿ ನೋಡಿದಳು. ಹಿಂದಿನ ವಾರವಷ್ಟೇ ಈ ಚಪ್ಪಲಿಯ ವಿಷಯಕ್ಕೆ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ನಾಯಿ ಕಚ್ಚಿಕೊಂಡು ಹೋಯಿತೆಂದು ಅಮ್ಮ ಅಂದಿದ್ದಳು. ಯಾವ ನಾಯಿ, ಎಲ್ಲಿಯ ನಾಯಿ ಎಂದು ಮಗಳು ಬೈದು ಹೊಸ ಜೊತೆ ತಂದುಕೊಟ್ಟಿದ್ದಳು.

“ಯಾವ ಸೀಟಿನ ಕೆಳಗೆ?”

“ನಮ್ ಬಸ್ಸಲ್ಲೇ ಅಕ್ಕಾ. ದಿನಾ ಅಲ್ಲೇ ಅಲ್ವಾ ಅವರು…” ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

“ದಿನಾ?”

“ನಿಮಗೆ ಗೊತ್ತಿಲ್ವಾ? ಅಯ್ಯೋ. ನಾನ್ ಹೇಳ್ದೆ ಅಂತ ಹೇಳ್ಬೇಡಿ ಅಕ್ಕಾ. ಡ್ರೈವರ್ ಮಾಮ ನನ್ನ ಸಾಯಿಸಿಬಿಡ್ತಾರೆ.”

ಸೀಟಕ್ಕ ಮಹಡಿ ಹತ್ತಿದಳು. ಊಟ ಆದ ಮೇಲೆ ಸ್ವಲ್ಪ ಮಲಗ್ತೀನಿ, ನೀನು ಬಂದು ಕರಕರೆ ಮಾಡ್ಬೇಡ ಎಂದು ಅಮ್ಮ ದಿನವೂ ಹೇಳುತ್ತಿದ್ದಳು. ಮಂಚದ ಮೇಲೆ ಹೊದಿಕೆ ಮಡಚಿದ ಹಾಗೆಯೇ ಇತ್ತು. ಓಣಿಯ ಕಡೆಗಿದ್ದ ಹಿಂದಿನ ಮೆಟ್ಟಿಲ ಬಾಗಿಲು ತೆರೆದಿತ್ತು. ಕೆಳಗೆ ಹೊಲಿಗೆ ಯಂತ್ರದ ಸದ್ದಿನಲ್ಲಿ ಮೇಲೆ ಆನೆ ನಡೆದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಅವಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಡಿಪೋಗೆ ಹೋದಳು. ನೋಡಿದವರು ಯಾರಿಗೋ ಹೊಡೆಯಲು ಹೊರಟಿದ್ದಾಳೆ ಎಂದುಕೊಂಡು ದಾರಿ ಬಿಟ್ಟರು. ಅವರ ಎಣಿಕೆ ಪೂರ್ತಿ ಸುಳ್ಳೂ ಅಲ್ಲ.

ಡ್ರೈವರ್ ಮಾಮ ಅಮ್ಮನ ಜೊತೆ ಒಂದೇ ಬಸ್ಸಿನಲ್ಲಿ ಬಹಳ ವರ್ಷ ದುಡಿದವನು. ಅಮ್ಮನಿಗಿಂತ ತುಂಬಾ ಚಿಕ್ಕವನು, ನಿವೃತ್ತಿಗೆ ಇನ್ನು ಸ್ವಲ್ಪ ದಿನ ಉಳಿದಿತ್ತು. ಸೀಟಕ್ಕನನ್ನೂ ತಮ್ಮನನ್ನೂ ಇಂಜಿನ್ ಪಕ್ಕದ ಬಿಸಿ ಹಲಗೆಯ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು. ಆಗ ತಾನೇ ಬಸ್ಸು ತಂದು ನಿಲ್ಲಿಸಿ ಮುಖ ತೊಳೆಯುತ್ತಿದ್ದ.

“ಮಾಮ, ಅಮ್ಮ ಎಲ್ಲಿ?”

“ಮನೆಗೆ ಬಿಟ್ಟೇ ಬಂದೆ. ಈಗಷ್ಟೇ…” ಎಂದವನು ಚಪ್ಪಲಿ ನೋಡಿ ನಲ್ಲಿ ನಿಲ್ಲಿಸಿದ.

“ಎಷ್ಟು ದಿನದಿಂದ?”

ಅವನು ಒದ್ದೆ ಮುಖ ಒರೆಸಿಕೊಳ್ಳುತ್ತಾ ನಿಂತ. “ಕಳೆದ ಬೇಸಿಗೆಯಿಂದ ಅಂತ ಇಟ್ಕೋ. ಮೊದಲು ಸುಮ್ನೆ ಹಳೇ ನೆನಪಿಗೆ ಬರ್ತಾಳೆ ಅಂದ್ಕೊಂಡ್ವಿ. ಆಮೇಲೆ ಒಂದಿನ ಕೊನೇ ಸ್ಟಾಪಲ್ಲಿ ಇಳಿದು ನಿಂತಿದ್ಲು. ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಪಾಪ. ಅಳ್ತಿದ್ಲು. ಅವತ್ತಿಂದ ಒಬ್ಬೊಬ್ಬರು ಕಣ್ಣಿಟ್ಟು, ಓಣಿ ಬಾಗಿಲವರೆಗೂ ಬಿಟ್ಟು ಬರ್ತೀವಿ. ಸ್ಟಾಪಿನ ಟೀ ಅಂಗಡಿಯವನೂ ನೋಡ್ಕೋತಾನೆ.”

“ಟೀ ಅಂಗಡಿಯವನಿಗೂ ಗೊತ್ತು?”

“ಎಲ್ಲರಿಗೂ ಗೊತ್ತು ಕಣಮ್ಮಾ.”

“ನನ್ನೊಬ್ಬಳನ್ನ ಬಿಟ್ಟು.” ಸೀಟಕ್ಕನ ದನಿ ಶೆಡ್ಡಿನ ತಗಡಿಗೆ ಬಡಿದು ತಿರುಗಿ ಬಂತು. ಗಾಲಿ ಬಿಚ್ಚುತ್ತಿದ್ದ ಮೆಕ್ಯಾನಿಕ್ಕುಗಳು ತಲೆ ಎತ್ತಿದರು. “ಅಮ್ಮ ಬೀದೀಲಿ ನಿಂತು ಅತ್ಲು. ನೀವೆಲ್ಲ ಸೇರ್ಕೊಂಡು ಮುಚ್ಚಿಟ್ರಿ. ದಿನಾ ನನ್ ಅಂಗಡಿ ಮುಂದೇನೇ ಬಸ್ ಓಡಿಸ್ಕೊಂಡು ಹೋಗ್ತೀರಲ್ಲ, ಒಂದ್ ಸಲ ನಿಲ್ಲಿಸಿ ಹೇಳೋಕೆ ನಾಲಿಗೆ ಬಿದ್ದುಹೋಗಿತ್ತಾ?”

“ನಿಮ್ಮಮ್ಮ ಆಣೆ ಹಾಕಿಸ್ಕೊಂಡಿದ್ಲಮ್ಮ. ಮಗಳಿಗೆ ಗೊತ್ತಾದ್ರೆ ಮನೇಲಿ ಕೂಡಿಹಾಕ್ತಾಳೆ ಅಂತ. ನನ್ ಕೈ ಹಿಡ್ಕೊಂಡು ಕೇಳಿದ್ಲು. ಅವಳು ಯಾವತ್ತಾದ್ರೂ ಯಾರ ಹತ್ರಾನಾದ್ರೂ ಕೈ ಹಿಡ್ಕೊಂಡು ಕೇಳಿದ್ದು ಉಂಟಾ? ಅವಳ ಮರ್ಯಾದೆ ಕಾಪಾಡಿದ್ವಿ ಅಷ್ಟೇ.”

“ಮರ್ಯಾದೆ ಕಾಪಾಡಿದ್ರಿ. ಅವಳನ್ನ ಯಾರು ಕಾಪಾಡೋದು? ನಾಳೆ ಯಾವ್ದೋ ಗಾಡಿ ಕೆಳಗೆ ಬಿದ್ರೆ ಮರ್ಯಾದೆ ತಂದು ಮಂಚದ ಮೇಲೆ ಮಲಗಿಸ್ಲಾ?”

ಸೀಟಕ್ಕ ಚಪ್ಪಲಿಯನ್ನು ಅವನ ಕಾಲ ಬಳಿ ಎಸೆದು ತಿರುಗಿ ನಡೆದಳು. ಅರ್ಧ ದಾರಿಗೆ ಬಂದಾಗ ಅವಳ ಸಿಟ್ಟಿನೊಳಗೆ ಇನ್ನೊಂದು ಮುಳ್ಳು ಚುಚ್ಚಿತು. ಆಣೆ ಹಾಕಿಸಿಕೊಂಡಳು ಎಂದರೆ ಅಮ್ಮನಿಗೆ ಗೊತ್ತಿತ್ತು. ತನಗೆ ಏನೋ ಆಗುತ್ತಿದೆ ಎಂದು ಗೊತ್ತಿದ್ದೇ ಅವಳು ಹೊಟ್ಟೆಯಲ್ಲಿಟ್ಟುಕೊಂಡು, ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರಿ, ಮಗಳ ಜೊತೆ ಒಂದು ಜಗಳ ಆಡಿ ಮಲಗುತ್ತಿದ್ದಳು.

ಅವತ್ತು ಸೀಟಕ್ಕ ಮನೆಯಲ್ಲಿ ಏನೂ ಕೇಳಲಿಲ್ಲ. ಮರುದಿನ ಮಧ್ಯಾಹ್ನ ಯಂತ್ರವನ್ನು ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿ ಸದ್ದು ಮಾಡಿ, ಓಣಿಯ ಮೂಲೆಯಲ್ಲಿ ಹೋಗಿ ನಿಂತಳು. ಅಮ್ಮ ಮೆಟ್ಟಿಲಿಳಿದು ಬಂದಳು. ತಲೆ ಬಾಚಿಕೊಂಡು, ಹಳೆಯ ಖಾಕಿ ಕೋಟು ತೊಟ್ಟಿದ್ದಳು. ಗುಂಡಿಗಳು ಒಂದೊಂದು ಕಾಜ ತಪ್ಪಿ ಕೋಟು ಓರೆಯಾಗಿತ್ತು. ಬಸ್ಸು ಬಂದಾಗ ಅವಳು ಮುಂದಿನ ಬಾಗಿಲಿನಿಂದ ಹತ್ತಿದಳು, ಮಗಳು ಹಿಂದಿನ ಬಾಗಿಲಿನಿಂದ.

ಬಸ್ಸು ಹೊರಟ ಮೇಲೆ ಅಮ್ಮ ಕಂಬಿ ಹಿಡಿದು ನೆಟ್ಟಗೆ ನಿಂತಳು. ಅವಳ ವಯಸ್ಸು ಹತ್ತು ವರ್ಷ ಇಳಿದಂತೆ ಕಾಣುತ್ತಿತ್ತು. “ಒಳಗೆ ನಡೀರಿ, ಒಳಗೆ ನಡೀರಿ, ಬಾಗಿಲು ನಿಮ್ಮಪ್ಪಂದಲ್ಲ” ಎಂದಳು. ದಿನವೂ ಓಡಾಡುವವರು ನಕ್ಕು ಒಳಗೆ ಸರಿದರು. “ಆಸ್ಪತ್ರೆ, ಆಸ್ಪತ್ರೆ, ಆಸ್ಪತ್ರೆ ಇಳಿಯೋರು!” ಎಂದು ಕೂಗಿದಳು. ಆ ಸ್ಟಾಪಿನಲ್ಲಿದ್ದ ಆಸ್ಪತ್ರೆ ಬೇರೆ ಕಡೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಇದ್ದದ್ದು ಖಾಲಿ ಕಾಂಪೌಂಡು. ಗೊತ್ತಿದ್ದವರು ಯಾರೂ ಅಲುಗಲಿಲ್ಲ. ಆದರೆ ಮಗುವನ್ನು ಎದೆಗವಚಿಕೊಂಡಿದ್ದ ಹೊಸಬಳೊಬ್ಬಳು ಗಡಿಬಿಡಿಯಿಂದ ಇಳಿದಳು. ಸುತ್ತ ನೋಡಿ, ತಪ್ಪಾಯಿತೆಂದು ತಿಳಿದು, ಹೊರಡುತ್ತಿದ್ದ ಬಸ್ಸನ್ನು ಬಡಿದು ನಿಲ್ಲಿಸಿ ಮತ್ತೆ ಹತ್ತಿದಳು.

“ಏನ್ರೀ ಇದು, ಮಗು ಮೈ ಕಾದ ಕಾವಲಿ ಆಗಿದೆ, ಎಲ್ಲೋ ಇಳಿಸ್ತೀರಲ್ಲ! ತಲೆ ಸರಿ ಇದೆಯಾ ನಿಮಗೆ?”

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಜೀವಮಾನದಲ್ಲಿ ಯಾರಿಗೂ ಉತ್ತರ ಬಾಕಿ ಉಳಿಸಿಕೊಳ್ಳದವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪಿಳಿಪಿಳಿ ನೋಡಿದಳು. “ಬಿಡಮ್ಮ, ವಯಸ್ಸಾದವರು” ಎಂದು ಯಾರೋ ಅಂದರು. “ವಯಸ್ಸಾದ್ರೆ ಮನೇಲಿ ಇರ್ಬೇಕು. ಮನೇಲಿ ಯಾರೂ ಹೇಳೋರು ಕೇಳೋರು ಇಲ್ವಾ?” ಎಂದಳು ಮಗುವಿನ ತಾಯಿ.

ಸೀಟಕ್ಕನಿಗೆ ಅವಳ ಮೇಲೆ ಹಾರಿಬೀಳಬೇಕೆನ್ನಿಸಿತು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಜನರನ್ನು ಸರಿಸಿಕೊಂಡು ಮುಂದೆ ಬಂದು ಅಮ್ಮನ ತೋಳು ಹಿಡಿದಳು.

“ನೀನೇನೇ ಇಲ್ಲಿ?” ಅಮ್ಮನ ನಾಲಿಗೆಗೆ ಜೀವ ಬಂತು. “ಕಳ್ಳರ ಥರ ಹಿಂದೆ ಬಿದ್ದು ಬಂದಿದೀಯಾ? ನಾನೇನು ಓಡಿಹೋಗ್ತೀನಾ?”

“ಇಳೀ ಅಮ್ಮ. ಮನೆಗೆ ಹೋಗೋಣ.”

“ನನಗೆ ಇಳಿಯೋಕೆ ಹೇಳ್ತೀಯಾ? ನನಗೆ?” ಎನ್ನುತ್ತಲೇ ಅಮ್ಮ ಮುಂದಿನ ಸ್ಟಾಪಿನಲ್ಲಿ ಧಡಧಡ ಇಳಿದು ನಡೆಯತೊಡಗಿದಳು. ಮನೆ ಇದ್ದದ್ದು ಎಡಕ್ಕೆ. ಅಮ್ಮ ಹೊರಟದ್ದು ಬಲಕ್ಕೆ.

ಸೀಟಕ್ಕ ತಡೆಯಲಿಲ್ಲ. ನಡೀ, ಎಲ್ಲಿಗೆ ಹೋಗ್ತೀಯೋ ನೋಡ್ತೀನಿ ಎಂದುಕೊಂಡು ಹಿಂದೆಯೇ ನಡೆದಳು. ಅವಳನ್ನು ಹಾಗೆ ನಡೆಸಿದ್ದು ಶುದ್ಧ ಸಿಟ್ಟು. ಅಮ್ಮ ಒಂದು ಸಲ, ಒಂದೇ ಒಂದು ಸಲ, ಬಾಯಿ ಬಿಟ್ಟು ಒಪ್ಪಿಕೊಳ್ಳಲಿ ಎನ್ನುವ ಹಟ. ಅಮ್ಮ ಬೈಯುತ್ತಲೇ ನಡೆದಳು. ಮಗಳಿಗೆ, ಮಗನಿಗೆ, ಸತ್ತ ಗಂಡನಿಗೆ, ಡಿಪೋದ ಮೇಲಧಿಕಾರಿಗೆ. ಟೈರ್ ಅಂಗಡಿಗಳನ್ನು ದಾಟಿದಳು, ಸಿಮೆಂಟು ಚೀಲ ಇಳಿಸುತ್ತಿದ್ದ ಲಾರಿಯನ್ನು ಬಳಸಿದಳು, ಶಾಲೆಯ ಉದ್ದ ಗೋಡೆಯ ನೆರಳಲ್ಲಿ ಸಾಗಿದಳು. ಬೈಗುಳ ನಿಧಾನವಾಯಿತು, ಆಮೇಲೆ ನಿಂತಿತು. ನೋಯುವ ಮಂಡಿ ಎಳೆಯತೊಡಗಿತು. ರಸ್ತೆ ಕವಲೊಡೆಯುವ ಕಡೆ ಅವಳು ನಿಂತು ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಈ ಊರಿನ ಪ್ರತಿ ತಿರುವನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದವಳು.

ತುಂಬಾ ಹೊತ್ತಿನ ಮೇಲೆ ತಿರುಗದೆಯೇ ಅಂದಳು: “ನಿನಗೆ ಗೊತ್ತಿದ್ರೆ ಹೇಳೇ.”

ಸೀಟಕ್ಕ ಹತ್ತಿರ ಹೋದಳು. ಮಗಳ ಹಟ ಗೆದ್ದಿತ್ತು. ಆ ಗೆಲುವು ಕಹಿಯಾಗಿತ್ತು. ಅವಳು ಅಮ್ಮನ ಕೋಟಿನ ಗುಂಡಿಗಳನ್ನೆಲ್ಲ ಬಿಚ್ಚಿ ಸರಿಯಾಗಿ ಹಾಕಿದಳು. ಆಟೋ ನಿಲ್ಲಿಸಿದಳು. ದಾರಿಯುದ್ದಕ್ಕೂ ಅಮ್ಮ ಅವಳ ಮಣಿಕಟ್ಟು ಬಿಡಲಿಲ್ಲ, ಮುಖವನ್ನೂ ನೋಡಲಿಲ್ಲ.

ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿ ಆ ಭಾನುವಾರ ತಮ್ಮನನ್ನು ಕರೆಸಿದಳು. ಅವನು ಬಂದದ್ದೇ ತಡ, ಅಮ್ಮ ಅರಳಿಕೊಂಡಳು. ಬಾರಪ್ಪ ರಾಜಾ ಎಂದಳು, ತೆಳ್ಳಗಾಗಿದೀಯ ಎಂದಳು, ಅವನ ಅಂಗಡಿಯ ಹಾಸಿಗೆ ಹೇಗಿದೆ ಎಂದು ಕೇಳಿ, “ಮಲಗಿದವರು ಏಳೋದೇ ಇಲ್ಲ ಅಂದ್ರೆ ವ್ಯಾಪಾರ ಒಂದೇ ಸಲಕ್ಕೆ ಮುಗೀತಲ್ಲೋ” ಎಂದು ನಗಿಸಿದಳು. ತಮ್ಮ ಅಕ್ಕನನ್ನು ಮೆಟ್ಟಿಲ ಬಳಿ ಕರೆದು ಮೆಲ್ಲಗೆ ಅಂದ:

“ಅಕ್ಕ, ಅಮ್ಮ ಚೆನ್ನಾಗೇ ಇದಾಳಲ್ಲ. ಈ ವಯಸ್ಸಲ್ಲಿ ಮರೆವು ಎಲ್ಲರಿಗೂ ಬರುತ್ತೆ. ನೀನು ಸ್ವಲ್ಪ ಸಿಡುಕೋದು ಕಡಿಮೆ ಮಾಡು. ನೀನ್ ಕೂಗಿದ್ರೆ ಅವಳಿಗೆ ಗಾಬರಿ ಆಗುತ್ತೆ.”

ಸೀಟಕ್ಕ ಅವನ ಮುಖವನ್ನೇ ನೋಡಿದಳು. ಬೈಗುಳವೆಲ್ಲ ಬಾಯಿಯವರೆಗೆ ಬಂದು ಸಾಲು ನಿಂತಿತ್ತು. ಅದರ ಬದಲು ಅವಳು ಚಪ್ಪಲಿ ಮೆಟ್ಟಿದಳು.

“ಸರಿ. ನಾನು ಸಿಡುಕಿ. ನಾನು ಹೊರಗೆ ಹೋಗ್ತೀನಿ, ಸಂಜೆ ಬರ್ತೀನಿ. ನೀನಿರು.”

“ಸಂಜೆವರೆಗಾ? ನಾನು ಊಟಕ್ಕೆ ಮನೆಗೆ…”

“ಚೆನ್ನಾಗಿದಾಳಲ್ಲ. ಅವಳೇ ಬಡಿಸ್ತಾಳೆ.”

ಅವಳು ನಡೆದು ನಡೆದು ಒಂದು ಪಾರ್ಕಿನಲ್ಲಿ ಕೂತಳು. ಫೋನು ಮೊದಲು ಒಮ್ಮೆ ರಿಂಗಾಯಿತು, ಆಮೇಲೆ ಬಿಟ್ಟೂಬಿಡದೆ ರಿಂಗಾಯಿತು. ಅಮ್ಮ ಬಿದ್ದಿದ್ದರೆ ಎನ್ನುವ ಭಯಕ್ಕೆ ಒಂದು ಸಲ ಎತ್ತಿದಳು. “ಅಕ್ಕ, ಬಾತ್ರೂಮ್‌ಗೆ… ನಾನು ಹೇಗೆ…” ಎಂದು ತಮ್ಮ ತೊದಲಿದ. “ನಾನು ಹೇಗೋ ಹಾಗೆ” ಎಂದು ಇಟ್ಟಳು.

ಸಂಜೆ ಮನೆಗೆ ಬಂದಾಗ ತಮ್ಮ ತೋಳಿನ ಅಂಗಿ ಮಡಚಿಕೊಂಡು ನೆಲ ಒರೆಸುತ್ತಿದ್ದ. ಒಲೆಯ ಮೇಲೆ ತಳ ಕರಕಲಾದ ಪಾತ್ರೆ. ಅಮ್ಮ ಕಿಟಕಿಯ ಬಳಿ ಸೆಟೆದು ಕೂತಿದ್ದಳು. “ಈ ಮನುಷ್ಯ ಬೆಳಗ್ಗಿಂದ ಇಲ್ಲೇ ಇದಾನೆ, ಮನೆ ಮಠ ಇಲ್ವಾ ಇವನಿಗೆ?” ಎಂದು ಮಗಳಿಗೆ ದೂರು ಕೊಟ್ಟಳು.

ತಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಗೋಡೆಗೊರಗಿ ಕೂತ. ಅವನ ಕಣ್ಣು ಕೆಂಪಾಗಿತ್ತು. “ನೀನು ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ?”

ಆ ಪ್ರಶ್ನೆಗೆ ಅವಳು ಸಿಡಿದುಹೋದಳು. ಮೊದಲು ಹೇಳಿದ್ದು ಯಾರಿಗೆ, ಕೇಳಿಸಿಕೊಂಡದ್ದು ಯಾರು, ವರ್ಷಕ್ಕೊಮ್ಮೆ ಹಾಸಿಗೆ ತಂದುಕೊಟ್ಟರೆ ಮಗನಾದ ಹಾಗಾಯಿತಾ ಎಂದು ಕೂಗಿದಳು. ಕೂಗುತ್ತಾ ಕೂಗುತ್ತಾ ಮಾತು ತನ್ನ ಕಡೆಗೇ ತಿರುಗಿತು. ಒಂದೇ ಮನೆಯಲ್ಲಿದ್ದೂ ತನಗೆ ಕಾಣಲಿಲ್ಲವಲ್ಲ, ಕಾಯಿಲೆಗೆ ಹಟ ಅಂತ ಹೆಸರಿಟ್ಟು ದಿನವೂ ಬೈದೆನಲ್ಲ. ಅಷ್ಟು ಬಂದದ್ದೇ ಅವಳ ದನಿ ಒಡೆಯಿತು. “ಯಾಕ್ರೋ ಕೂಗಾಡ್ತೀರಾ, ಪಕ್ಕದ ಮನೆಯವರಿಗೆ ಕೇಳ್ಸುತ್ತೆ” ಎಂದು ಅಮ್ಮ ಇಬ್ಬರನ್ನೂ ಗದರಿಸಿದಳು.

ಆಮೇಲಿನದು ಓಡಾಟ. ಈ ಸಲ ಸೀಟಕ್ಕ ಡಾಕ್ಟರನ್ನು ಅಮ್ಮನ ತಮಾಷೆಗೆ ನಗಲು ಬಿಡಲಿಲ್ಲ. “ನಗಬೇಡಿ, ವಾರ ಹೇಳಿಸಿ” ಎಂದಳು. ಪರೀಕ್ಷೆಗಳಾದವು. ಇದು ವಾಸಿಯಾಗುವ ಕಾಯಿಲೆಯಲ್ಲ, ಸ್ವಲ್ಪ ನಿಧಾನ ಮಾಡಬಹುದು, ಇನ್ನು ಮೇಲೆ ಒಬ್ಬರನ್ನೇ ಬಿಡುವ ಹಾಗಿಲ್ಲ ಎಂದರು. ಮನೆಯ ಒಲೆಗೆ ಗ್ಯಾಸ್ ತಾನೇ ನಿಲ್ಲುವ ಕೀಲಿ ಹಾಕಿಸಿದ್ದಾಯಿತು. ಹೊಲಿಗೆಯ ಮೇಜನ್ನು ಮೆಟ್ಟಿಲ ಬುಡಕ್ಕೆ ಸರಿಸಿದ್ದಾಯಿತು. ವಾರದ ಅರ್ಧದಷ್ಟು ದಿನ ಅಮ್ಮನನ್ನು ಅವನ ಮನೆಯಲ್ಲಿ ನೋಡಿಕೊಳ್ಳಬೇಕೆಂದು ತಮ್ಮನಿಗೆ ಅವಳು ಕಡ್ಡಿ ಮುರಿದಂತೆ ಹೇಳಿದಳು. ಅವನು ಮೊದಲು ಹೂಂ ಅಂದು, ಆಮೇಲೆ ತಪ್ಪಿಸಿಕೊಳ್ಳಲು ನೋಡಿ, ಅವಳು ಅಮ್ಮನನ್ನು ಸೀದಾ ಹಾಸಿಗೆ ಅಂಗಡಿಗೇ ಕರೆದುಕೊಂಡು ಹೋಗಿ ಪ್ರದರ್ಶನದ ಮಂಚದ ಮೇಲೆ ಮಲಗಿಸಿ ಬಂದ ಮೇಲೆ ದಾರಿಗೆ ಬಂದ.

ಡ್ರೈವರ್ ಮಾಮ ನಿವೃತ್ತಿಯಾದ ಮರುವಾರ ಅಂಗಡಿ ಮುಂದೆ ಬಂದು ಕೈಕಟ್ಟಿ ನಿಂತ. ಅವಳು ತಲೆ ಎತ್ತದೆ ಹೊಲಿಯುತ್ತಲೇ ಇದ್ದಳು. ಕೊನೆಗೆ, “ಮಧ್ಯಾಹ್ನ ಬಸ್ಸಲ್ಲಿ ಒಂದು ಸುತ್ತು ಕರ್ಕೊಂಡು ಹೋಗಿ ಬನ್ನಿ. ಪಕ್ಕದಲ್ಲೇ ಕೂರ್ಬೇಕು. ಸ್ಟಾಪು ಕೂಗೋಕೆ ಬಿಡ್ಬೇಡಿ. ಏನಾದ್ರೂ ಆದ್ರೆ ಮೊದಲು ನನಗೆ ಗೊತ್ತಾಗ್ಬೇಕು. ಆಣೆಗೀಣೆ ಎಲ್ಲ ಇನ್ನು ನಡೆಯಲ್ಲ” ಎಂದಳು. ಅವನು ತಲೆಯಾಡಿಸಿ ಮಹಡಿ ಹತ್ತಿದ. ಅವನನ್ನು ಅವಳು ಕ್ಷಮಿಸಿದ್ದಳು ಎಂದಲ್ಲ. ಅವನಿಂದ ಕೆಲಸವಾಗಬೇಕಿತ್ತು.

ಒಳ್ಳೆಯ ದಿನಗಳೂ ಇದ್ದವು, ಅಮ್ಮ ಸ್ನಾನದ ಚೊಂಬಿನಿಂದ ಹೊಡೆದ ದಿನಗಳೂ ಇದ್ದವು. ಹೊಡೆಸಿಕೊಂಡ ದಿನ ಸೀಟಕ್ಕ ಬಾತ್ರೂಮಿನ ಬಾಗಿಲಿಗೊರಗಿ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಅಮ್ಮನ ಮೇಲೆ ಕೂಗಬಾರದು ಎಂದು ಎಷ್ಟು ಅಂದುಕೊಂಡರೂ ಒಮ್ಮೊಮ್ಮೆ ಕೂಗಿಬಿಡುತ್ತಿದ್ದಳು. ಕೂಗಿದ ಮೇಲೆ ಅಮ್ಮನ ಒದ್ದೆ ತಲೆಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಒರೆಸುತ್ತಿದ್ದಳು.

ಅಂಥದೊಂದು ದಿನ ಪಕ್ಕದ ಮನೆಯ ನಿವೃತ್ತ ಟೀಚರಮ್ಮ ಓಣಿಯಲ್ಲಿ ಎದುರಾದರು. “ನಿಮ್ಮಮ್ಮ ಪುಣ್ಯ ಮಾಡಿದ್ರು ಕಣಮ್ಮ, ಇಂಥ ಮಗಳು ಯಾರಿಗಿರ್ತಾಳೆ” ಎಂದರು.

“ಟೀಚರೇ,” ಎಂದಳು ಸೀಟಕ್ಕ, “ನಿಮ್ ಅಡುಗೆಮನೆ ಕಿಟಕಿಗೆ ನಮ್ಮ ಹಿಂದಿನ ಮೆಟ್ಟಿಲು ಕಾಣುತ್ತೆ. ಅಮ್ಮ ದಿನಾ ಇಳಿದು ಹೋಗೋದನ್ನ ನೋಡಿರ್ತೀರಿ.”

ಟೀಚರಮ್ಮ ಕಿಟಕಿಯ ಕಡೆ ನೋಡಿದರು. “ನೋಡಿದ್ದೆ… ಹೇಳಿದ್ರೆ ನೀನೆಲ್ಲಿ ಸಿಟ್ಟಾಗ್ತೀಯೋ ಅಂತ…”

ಆ ಮಾತು ಸೀಟಕ್ಕನಿಗೆ ಸರಿಯಾದ ಜಾಗಕ್ಕೇ ತಾಗಿತು. ಊರಿಗೆಲ್ಲ ಗೊತ್ತಿದ್ದದ್ದು ತನಗೊಬ್ಬಳಿಗೆ ಗೊತ್ತಾಗದೆ ಹೋದದ್ದಕ್ಕೆ ತನ್ನ ಬಾಯಿಯೂ ಒಂದು ಕಾರಣ.

“ಸಿಟ್ಟಾಗ್ತೀನಿ. ಈಗಲೂ ಸಿಟ್ಟಿದೆ. ಆದ್ರೂ ಹೇಳಿ. ಮತ್ತೆ, ಪುಣ್ಯ ಗಿಣ್ಯ ಇರ್ಲಿ, ನಾಳೆ ಬೆಳಗ್ಗೆ ನಾನು ಡಿಪೋಗೆ ಸೀಟು ಮುಟ್ಟಿಸ್ಬೇಕು. ಬಂದು ಅಮ್ಮನ ಹತ್ರ ಕೂತ್ಕೋತೀರಾ?”

ಟೀಚರಮ್ಮ ಸೆರಗು ಸರಿಮಾಡಿಕೊಂಡರು, ಕೆಮ್ಮಿದರು, ಮಂಡಿ ನೋವೆಂದರು. ಮರುದಿನ ಬೆಳಗ್ಗೆ ಕೈಯಲ್ಲಿ ಒಂದು ಪತ್ರಿಕೆ ಹಿಡಿದುಕೊಂಡು ಬಂದರು. ಅಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. ಸೀಟಕ್ಕ ಸೀಟುಗಳನ್ನು ಕೈಗಾಡಿಗೆ ಹೇರಿ, ಹಗ್ಗ ಬಿಗಿದು, ಡಿಪೋದ ಕಡೆಗೆ ತಳ್ಳಿಕೊಂಡು ಹೊರಟಳು.